ಸರ್ವರ್ ಸೇರಿಸಿದ ಮೇಲೆಯೇ ಸೈಟ್ ಮಲಗಿತು: ನನ್ನ ಅನುಭವ

ಮಂಗಳೂರಿನಲ್ಲಿ ಕೂತು ಒಂದು ಶಿಕ್ಷಣ ಸಂಸ್ಥೆಯ ಫಲಿತಾಂಶದ ಸೈಟ್ ನೋಡಿಕೊಳ್ಳುತ್ತೇನೆ. ವರ್ಷವಿಡೀ ಅದಕ್ಕೆ ಹೆಚ್ಚು ಕೆಲಸವಿಲ್ಲ. ಫಲಿತಾಂಶದ ದಿನ ಬೆಳಿಗ್ಗೆ 10ಕ್ಕೆ ಮಾತ್ರ ಮಕ್ಕಳು, ಅಪ್ಪ ಅಮ್ಮ, ದುಬೈಯಲ್ಲಿರುವ ಮಾವ, ಎಲ್ಲರೂ ಒಟ್ಟಿಗೆ ಬರುತ್ತಾರೆ.

ಮೊದಲ ವರ್ಷ ನಾನು ವೆಬ್ ಸರ್ವರ್‌ಗಳ ಸಿಪಿಯು ಗ್ರಾಫ್ ಒಂದನ್ನೇ ನಂಬಿದ್ದೆ. ನಾಲ್ಕು ಸರ್ವರ್ ಇದ್ದವು, ಸಿಪಿಯು ಅರ್ಧಕ್ಕೂ ಏರಿರಲಿಲ್ಲ. ಆದರೂ 10 ಗಂಟೆ ದಾಟಿದ ಕೂಡಲೇ ಪುಟ ತೆರೆಯುವುದು ನಿಧಾನವಾಯಿತು. ಗಾಬರಿಯಲ್ಲಿ ಇನ್ನೆರಡು ಸರ್ವರ್ ಸೇರಿಸಿದೆ. ಸೈಟ್ ಪೂರ್ತಿ ಮಲಗಿತು. "ಮಗಳು ಅಳ್ತಾ ಇದ್ದಾಳೆ, ಪಾಸಾ ಫೇಲಾ ಅದೊಂದು ಹೇಳಿ ಮಾರಾಯ್ರೆ" ಅಂತ ಒಬ್ಬರು ಫೋನ್ ಮಾಡಿದ್ದರು. ಆ ದನಿ ಇನ್ನೂ ಕಿವಿಯಲ್ಲಿದೆ.

ಸಂಜೆ ಲಾಗ್ ತೆಗೆದು ಕೂತೆ. ಪ್ರತಿ ಸರ್ವರ್ ಡೇಟಾಬೇಸಿಗೆ 20 ಕನೆಕ್ಷನ್ ತೆರೆದಿಡುತ್ತಿತ್ತು; ಒಂದು ಕನೆಕ್ಷನ್‌ನಲ್ಲಿ ಒಂದು ಹೊತ್ತಿಗೆ ಒಂದೇ ಹುಡುಕಾಟ. ನಾಲ್ಕಕ್ಕೆ 80, ಆರಕ್ಕೆ 120. ನಾವು ಬದಲಿಸದಿದ್ದರೆ ನಮ್ಮ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್ ಒಪ್ಪುವುದು 100 ಮಾತ್ರ. ಹೊಸ ಸರ್ವರ್‌ಗಳಿಗೆ ಬೇಕಾದಷ್ಟು ಸಿಗಲಿಲ್ಲ, ಅಲ್ಲಿಗೆ ಹೋದವರಿಗೆ ಎರರ್ ಬಂತು. ಎರರ್ ಕಂಡವರು ಸುಮ್ನೆ ಕೂರ್ತಾರಾ? ಒತ್ತಿದರು ರಿಫ್ರೆಶ್ ಮೇಲೆ ರಿಫ್ರೆಶ್. ಒಬ್ಬರು ಐದು ಜನರ ಭಾರ ಹಾಕಿದಂತಾಯಿತು.

ನಿಧಾನವಾಗಿದ್ದಕ್ಕೆ ಕಾರಣ ಬೇರೆ. ರಿಜಿಸ್ಟರ್ ನಂಬರಿಗೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಇರಲಿಲ್ಲ, ಒಂದು ಹುಡುಕಾಟಕ್ಕೆ ಅರ್ಧ ಸೆಕೆಂಡ್ ಹೋಗುತ್ತಿತ್ತು. ಅಂದರೆ 80 ಕನೆಕ್ಷನ್‌ನಿಂದ ಸೆಕೆಂಡಿಗೆ ಹೆಚ್ಚೆಂದರೆ 160 ಜನರಿಗೆ ಉತ್ತರ.

ಈ ಲೆಕ್ಕ ನನಗೆ ಮನಸ್ಸಿಗೆ ಹತ್ತಿದ್ದು ಉಡುಪಿಯ ರಥಬೀದಿ ಹತ್ತಿರದ ಒಂದು ಹೋಟೆಲಿನಲ್ಲಿ. ನಿಮಿಷಕ್ಕೆ ನಾಲ್ಕು ಜನ ಊಟಕ್ಕೆ ಬಂದು, ಒಬ್ಬೊಬ್ಬರು 15 ನಿಮಿಷ ಕೂತರೆ 60 ಸೀಟು ಬೇಕು. ಸೀಟು ಜಾಸ್ತಿ ಮಾಡಬಹುದು, ಇಲ್ಲಾ ಬಡಿಸುವುದನ್ನು ಚುರುಕು ಮಾಡಬಹುದು. 1961ರಲ್ಲಿ ಅಮೆರಿಕದ ವಿದ್ವಾಂಸ ಜಾನ್ ಲಿಟಲ್ ಗಣಿತದಲ್ಲಿ ಸಾಧಿಸಿ ತೋರಿಸಿದ್ದು ಈ ಗುಣಾಕಾರವನ್ನೇ. ಆದರೆ ಸೀಟು ಭರ್ತಿಯಾಗುವವರೆಗೆ ಕಾಯುವುದೂ ತಪ್ಪು. ಒಂದೇ ಕೌಂಟರಿನ ಸರಳ ಲೆಕ್ಕದಲ್ಲಿ, ಅದು 80% ತುಂಬಿದರೆ ಕಾಯುವುದೂ ಸೇರಿ ಕೆಲಸಕ್ಕೆ ಹಿಡಿಯುವ ಹೊತ್ತು ಐದು ಪಟ್ಟು, 90% ಆದರೆ ಹತ್ತು ಪಟ್ಟು. ಅದಕ್ಕೇ ಈಗ 60% ದಾಟದಂತೆ ಜಾಗ ಬಿಡುತ್ತೇನೆ.

ಮರುವರ್ಷ ಮೊದಲು ಇಂಡೆಕ್ಸ್ ಹಾಕಿದೆ. ಅರ್ಧ ಸೆಕೆಂಡ್ 20 ಮಿಲಿಸೆಕೆಂಡಿಗೆ ಇಳಿಯಿತು. ಕಾಗದದ ಮೇಲೆ ಅದೇ 80 ಕನೆಕ್ಷನ್‌ಗೆ ಸೆಕೆಂಡಿಗೆ 4000 ಆಗುತ್ತದೆ, ಆದರೆ ಡೇಟಾಬೇಸಿನ ಸಿಪಿಯು ಅದಕ್ಕೂ ಮೊದಲೇ ಸೋಲುತ್ತದೆ ಅಲ್ವಾ? ಎಲ್ಲಿ ಸೋಲುತ್ತದೆ ಅಂತ ತಿಳಿಯಲು ರಾತ್ರಿ ಹೊತ್ತು ಜೆಮೀಟರ್ (ಸೈಟಿಗೆ ನಕಲಿ ಭಾರ ಕೊಟ್ಟು ನೋಡುವ ಸಾಧನ) ಹಾಕಿ, ಹಿಂದಿನ ವರ್ಷದ ಅತಿ ಹೆಚ್ಚಿನ ನಿಮಿಷದ ಎರಡು ಪಟ್ಟು ಭಾರ ಕೊಟ್ಟೆ. ಫಲಿತಾಂಶದ ದಿನ ಮೂರೇ ಸರ್ವರ್ ಸಾಕಾದವು.

ಈ ಸಲ ಅಂಕಪಟ್ಟಿಯ ಪಿಡಿಎಫ್ ಕೂಡ ಬೇಕು ಅಂದಿದ್ದಾರೆ. ಒಂದು ಪಿಡಿಎಫ್ ಮಾಡಲು ಸಿಪಿಯು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅಂತ ಈ ವಾರ ಅಳೆಯುತ್ತಿದ್ದೇನೆ.