ಪ್ಯಾಕೆಟ್ ಹುಟ್ಟುವ ಜಾಗದಲ್ಲೇ ಎಣಿಸಿದೆ

64 ನೋಡ್‌ಗಳನ್ನು ಚೌಕ ಜಾಲದಂತೆ ಹೆಣೆದ 8×8 ಮೆಶ್ ನೆಟ್‌ವರ್ಕ್, ಯೂನಿಫಾರ್ಮ್ ರ್ಯಾಂಡಮ್ ಟ್ರಾಫಿಕ್ (ಯಾವ ನೋಡ್‌ಗೆ ಬೇಕಾದರೂ ಸಮಾನ ಸಂಭವದಲ್ಲಿ ಪ್ಯಾಕೆಟ್ ಹೋಗುತ್ತದೆ), ಒಂದು ಫ್ಲಿಟ್‌ನ (ಒಂದು ಸೈಕಲ್‌ಗೆ ಒಂದು ಲಿಂಕ್ ದಾಟುವ ತುಂಡು) ಪ್ಯಾಕೆಟ್. ನಾನೇ ಬರೆದ ಸಿಮ್ಯುಲೇಟರ್ ಈಗ ಸೈಕಲ್‌ಗೆ ನೋಡ್ ಒಂದಕ್ಕೆ 0.42 ಪ್ಯಾಕೆಟ್ ಆಸುಪಾಸಿನಲ್ಲಿ ಸ್ಯಾಚುರೇಟ್ ಆಗುತ್ತದೆ, ಅಂದರೆ ಅದಕ್ಕಿಂತ ಹೆಚ್ಚು ಹೊರಲಾರದು. ಹೋದ ವರ್ಷ 0.48 ದಾಟಿದರೂ ಲೇಟೆನ್ಸಿ (ಪ್ಯಾಕೆಟ್ ತಲುಪಲು ಹಿಡಿಯುವ ಹೊತ್ತು) ಆರಾಮಾಗಿತ್ತು. ಮೆಶ್ ಅನ್ನು ನಡುವೆ ಸೀಳಿ ಆಚೆಗೆ ದಾಟುವ ಲಿಂಕ್ ಎಣಿಸುವ ಬೈಸೆಕ್ಷನ್ ಲೆಕ್ಕದ ಮಿತಿಯೇ 0.5 ಅಲ್ವಾ? ಅಷ್ಟು ಹತ್ತಿರ ಹೋಗುವ ರೌಟರ್ ನನ್ನದಲ್ಲ, ಅದು ನನಗೂ ಗೊತ್ತಿತ್ತು. ಈಗ ರೌಟರ್ ಕೋಡ್‌ನಲ್ಲಿ ಒಂದು ಸಾಲೂ ಬದಲಾಗಿಲ್ಲ. ಬದಲಾಗಿದ್ದೆಲ್ಲ ಪ್ಯಾಕೆಟ್ ಹಾಕುವ ಕಡೆ.

ಇಂಜೆಕ್ಷನ್ ಅನ್ನೇ, ಅಂದರೆ ಪ್ಯಾಕೆಟ್ ಹಾಕುವುದನ್ನೇ, ಅಳೆಯುತ್ತೇನೆ ಅಂದಾಗ ಹಾಸನದಲ್ಲಿ ನನ್ನ ಜೊತೆ ಕೆಲಸ ಮಾಡುವ ಹಿರಿಯರು ಒಪ್ಪಲಿಲ್ಲ. "ರ್ಯಾಂಡಮ್ ನಂಬರ್ ಕೊಡೋದು ಲೈಬ್ರರಿ ಕೆಲಸ ಕಣಪ್ಪಾ, ಅದನ್ನ ಅಳೀತಾ ಕೂತ್ರೆ ಥೀಸಿಸ್ ಯಾವಾಗ ಮುಗಿಸ್ತೀಯ?" ಅಂದರು. ಚಿಕ್ಕಮಗಳೂರಿನ ಗೆಳೆಯ ಫೋನಿನಲ್ಲಿ, "ಸುಮ್ನೆ ಬುಕ್‌ಸಿಮ್ ಹಾಕ್ಕೊಂಡು ಓಡಿಸು ಮಾರಾಯ" ಅಂದ. ಬುಕ್‌ಸಿಮ್ ಅನ್ನುವುದು ಸಿದ್ಧವಾಗಿ ಸಿಗುವ ನೆಟ್‌ವರ್ಕ್ ಸಿಮ್ಯುಲೇಟರ್, ಒಳ್ಳೆಯದೇ. ಆದರೆ ನನ್ನ ರೌಟರ್ ಅದರಲ್ಲಿ ಕೂರುವುದಿಲ್ಲ.

ನಾನು ಮಾಡಿದ್ದು ಇಷ್ಟೇ. ಪ್ರತಿ ನೋಡ್‌ನಲ್ಲಿ ಪ್ಯಾಕೆಟ್ ಹುಟ್ಟಿಸುವ ಜನರೇಟರ್ ಬಾಯಲ್ಲಿ ಒಂದು ಕೌಂಟರ್ ಇಟ್ಟೆ. 1000 ಸೈಕಲ್‌ಗೆ ಒಂದು ಕಿಟಕಿ. ಕಿಟಕಿಗೆ ಎಷ್ಟು ಪ್ಯಾಕೆಟ್ ಹುಟ್ಟಿದವು ಅಂತ ಬರೆದುಕೊಂಡು, ವೇರಿಯನ್ಸ್ ಅನ್ನು (ಎಣಿಕೆ ಸರಾಸರಿಯಿಂದ ಎಷ್ಟು ಚದುರುತ್ತದೆ ಅನ್ನುವ ಅಳತೆ) ಸರಾಸರಿಯಿಂದ ಭಾಗಿಸಿದೆ. ಬರ್ನೂಲಿ ಆಗಿದ್ದರೆ, ಅಂದರೆ ಪ್ರತಿ ಸೈಕಲ್‌ನಲ್ಲೂ ಹಿಂದಿನದ್ದನ್ನು ನೋಡದೆ p ಸಂಭವದಲ್ಲಿ ಪ್ಯಾಕೆಟ್ ಹುಟ್ಟಿದರೆ, ಉತ್ತರ 1−p ಬರಲೇಬೇಕು. 0.1ಕ್ಕೆ ಸರಾಸರಿ 100, ವೇರಿಯನ್ಸ್ 90, ಅನುಪಾತ 0.9. ಸರಾಸರಿ ಒಂದನ್ನೇ ನೋಡಿದರೆ ಎಲ್ಲವೂ ಗೊತ್ತಾಗುವುದಿಲ್ಲ. ನಾನು ಎರಡು ವರ್ಷ ಅದೊಂದನ್ನೇ ನೋಡಿ ಕೂತಿದ್ದೆ.

0.1ಕ್ಕೆ 0.9 ಸರಿಯಾಗಿ ಬಂತು. 0.45ಕ್ಕೆ 0.55 ಬರಬೇಕಿತ್ತು, ಬಂದಿದ್ದು 0.2ರ ಸುತ್ತ. ಸರಾಸರಿಯೂ 0.42ಕ್ಕೆ ಇಳಿದಿತ್ತು. ಕಾರಣ ಹುಡುಕಲು ಒಂದು ಮಧ್ಯಾಹ್ನ ಸಾಕಾಯಿತು. ಹುಟ್ಟಿದ ಪ್ಯಾಕೆಟ್ ರೌಟರ್ ಒಳಗೆ ಹೋಗುವ ಮುಂಚೆ ಕಾಯುವ ಸೋರ್ಸ್ ಕ್ಯೂಗೆ 8 ಜಾಗ ಅಂತ ಎಂದೋ ಬರೆದಿದ್ದೆ. ಕ್ಯೂ ತುಂಬಿದರೆ ಜನರೇಟರ್ ತೆಪ್ಪಗೆ ಕಾಯುತ್ತಿತ್ತು. ನೆಟ್‌ವರ್ಕ್ ಸುಸ್ತಾದ ಕೂಡಲೇ ಟ್ರಾಫಿಕ್ ತಾನಾಗಿಯೇ ಕಡಿಮೆ. ಇನ್ನು ಲೇಟೆನ್ಸಿ ಏರುವುದಾದರೂ ಹೇಗೆ? ಅದರ ಮೇಲೆ, ಪ್ಯಾಕೆಟ್‌ಗೆ ಟೈಮ್ ಹಾಕುತ್ತಿದ್ದದ್ದು ಅದು ರೌಟರ್ ಒಳಗೆ ಬಂದಾಗ, ಹುಟ್ಟಿದಾಗ ಅಲ್ಲ. ಕ್ಯೂನಲ್ಲಿ ಕಾದ ಹೊತ್ತು ಲೆಕ್ಕಕ್ಕೇ ಇಲ್ಲ. ಎರಡನ್ನೂ ಸರಿಮಾಡಿ ಕ್ಯೂಗೆ ಮಿತಿಯೇ ಇಲ್ಲ ಅಂತ ಮಾಡಿದೆ. 0.41ರಲ್ಲಿ 38 ಸೈಕಲ್ ಇದ್ದ ಲೇಟೆನ್ಸಿ 110ರ ಹತ್ತಿರ ಹೋಯಿತು.

ಈ ತಪ್ಪಿಗೆ ಸುರಿದ ದುಡ್ಡು ಹೇಳಲೇಬೇಕು. ಮೂರು ವಾರ ಬಾಡಿಗೆ ಸರ್ವರ್‌ನಲ್ಲಿ ಓಡಿಸಿದ್ದೆ, ಸುಮಾರು 11 ಸಾವಿರ. ಆ ಡೇಟಾ ಪೂರ್ತಿ ಕಸ. ಆಮೇಲೆ ಮನೆಯಲ್ಲೇ ಓಡಿಸೋಣ ಅಂತ ಹಳೇ ಡೆಸ್ಕ್‌ಟಾಪ್ ತೆಗೆದೆ. ಜೂನ್ ಮಳೆ ಶುರುವಾದರೆ ನಮ್ಮಲ್ಲಿ ಕರೆಂಟ್ ಕಥೆ ಗೊತ್ತಲ್ಲ. ಯುಪಿಎಸ್‌ಗೆ ಇನ್ನೊಂದು 14 ಸಾವಿರ. ಅದು ಮಾತ್ರ ದಂಡ ಆಗಲಿಲ್ಲ.

ಮುಂದಿನ ಪೆಟ್ಟು ಸೀಡ್‌ನದ್ದು, ಅಂದರೆ ರ್ಯಾಂಡಮ್ ನಂಬರ್‌ಗಳ ಸರಣಿ ಶುರುವಾಗುವ ಸಂಖ್ಯೆಯದ್ದು. ಒಂದೊಂದೇ ನೋಡ್ ನೋಡಿದರೆ 0.9, ಚೆನ್ನಾಗಿದೆ. 64 ನೋಡ್‌ಗಳನ್ನೂ ಕೂಡಿಸಿ ಅದೇ ಅನುಪಾತ ತೆಗೆದೆ. 0.9 ಬರಬೇಕಾದಲ್ಲಿ 57! ಲಾಗ್ ಪ್ರಿಂಟ್ ಮಾಡಿ ನೋಡಿದೆ. ಸೈಕಲ್ 12ರಲ್ಲಿ 64 ಸಾಲು, ಆಮೇಲೆ ಖಾಲಿ, ಸೈಕಲ್ 19ರಲ್ಲಿ ಮತ್ತೆ 64 ಸಾಲು. ಎಲ್ಲರ ಗಮ್ಯವೂ ಒಂದೇ ನೋಡ್. ರೀಸೆಟ್ ಮಾಡುವಾಗ ಎಲ್ಲರಿಗೂ ಒಂದೇ ಸೀಡ್ ಹೋಗಿತ್ತು. ಯೂನಿಫಾರ್ಮ್ ಅಂದುಕೊಂಡು ನಾನು ಓಡಾಡುವ ಹಾಟ್‌ಸ್ಪಾಟ್ (ಎಲ್ಲರೂ ಒಂದೇ ನೋಡ್‌ಗೆ ಮುಗಿಬೀಳುವ ಟ್ರಾಫಿಕ್) ಓಡಿಸುತ್ತಿದ್ದೆ. ಸೀಡ್‌ಗೆ 1, 2, 3 ಅಂತ ಕೊಟ್ಟು ನೋಡಿದೆ, ನನ್ನ ಹಳೇ ರ್ಯಾಂಡಮ್ ನಂಬರ್ ಜನರೇಟರ್‌ಗೆ ಅದೂ ಸಾಲಲಿಲ್ಲ, ಪಕ್ಕದ ನೋಡ್‌ಗಳು ಇನ್ನೂ ಜೊತೆಜೊತೆಗೇ ನಡೆಯುತ್ತಿದ್ದವು. ಈಗ ನೋಡ್ ನಂಬರನ್ನೂ ರನ್ ನಂಬರನ್ನೂ ಕಲಸಿ ಸೀಡ್ ಮಾಡುತ್ತೇನೆ. ಕಲಸುವ ರೀತಿ ನನ್ನದು, ಪೇಪರ್ ಹೊರಬರುವ ತನಕ ಹೇಳುವುದಿಲ್ಲ.

ಎಷ್ಟು ಕಿಟಕಿ ಬೇಕು ಅಂತ ಕೇಳುವವರಿಗೆ: 200 ಕಿಟಕಿ ಇಟ್ಟರೆ ಅನುಪಾತ ಶೇಕಡಾ 10ರಷ್ಟು ಅಲುಗಾಡುತ್ತದೆ. ನಾನು 2000 ಇಡುತ್ತೇನೆ, ಶೇಕಡಾ 3ಕ್ಕೆ ಬರುತ್ತದೆ. ಪ್ಯಾಕೆಟ್ 5 ಫ್ಲಿಟ್‌ನದ್ದಾದರೆ ಪ್ಯಾಕೆಟ್ ಎಣಿಸಿ, ಫ್ಲಿಟ್ ಎಣಿಸಿದರೆ ಅನುಪಾತ ಐದು ಪಟ್ಟು ಕಾಣುತ್ತದೆ. ರೇಟ್ ಕೊಡುವಾಗಲೂ ಇದೇ ಎಡವಟ್ಟು. ಫ್ಲಿಟ್ ಲೆಕ್ಕದ 0.3 ಅಂದರೆ ಪ್ಯಾಕೆಟ್‌ಗೆ 0.06.

ಈ ಲೆಕ್ಕದ ಹುಚ್ಚು ಹಿಡಿದಾಗ ಒಂದು ಸಂಜೆ ಎನ್.ಆರ್. ಸರ್ಕಲ್ ಹತ್ತಿರ ಕಾಫಿ ಹಿಡಿದು ನಿಂತು, ಹತ್ತು ಸೆಕೆಂಡಿಗೆ ಎಷ್ಟು ಸ್ಕೂಟರ್ ಹೋಗುತ್ತವೆ ಅಂತ ಎಣಿಸಿದೆ. ಅರ್ಧ ಗಂಟೆ. ಅನುಪಾತ ಮೂರರ ಮೇಲೆ ಬಂತು. ಗುಂಪುಗುಂಪಾಗಿ ಬರುತ್ತವೆ, ಆಮೇಲೆ ರಸ್ತೆ ಖಾಲಿ. ಮನೆಗೆ ಬಂದು ಆನ್-ಆಫ್ ಸೋರ್ಸ್ (ಸ್ವಲ್ಪ ಹೊತ್ತು ಪ್ಯಾಕೆಟ್ ಹುಟ್ಟಿಸಿ, ಸ್ವಲ್ಪ ಹೊತ್ತು ಸುಮ್ಮನಿರುವಂಥದ್ದು) ಬರೆದು ಅನುಪಾತವನ್ನು ಮೂರಕ್ಕೇ ಕೂರಿಸಿದೆ. ಸರಾಸರಿ ಅದೇ 0.3, ಆದರೆ ಲೇಟೆನ್ಸಿ ಬರ್ನೂಲಿಯ ಎರಡೂವರೆ ಪಟ್ಟು. ರೇಟ್ ಒಂದೇ ಇದ್ದರೂ ನೆಟ್‌ವರ್ಕ್ ಪಾಡು ಬೇರೆ ಅಂತ ಕಣ್ಣಾರೆ ಕಂಡ ಮೇಲೆ ಹಿರಿಯರೂ ಕೌಂಟರ್ ಕೋಡ್ ಕೇಳಿ ತೆಗೆದುಕೊಂಡರು. ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದು ಯಾಕೆ.

ಮೊನ್ನೆ ರಾತ್ರಿ ಚಿಕ್ಕಮಗಳೂರಿನ ಗೆಳೆಯ ತನ್ನ ಎಣಿಕೆ ಕಳಿಸಿದ. ಅವನೂ ಈಗ ಸ್ವಂತದ್ದು ಬರೆದಿದ್ದಾನೆ. 0.4ಕ್ಕೆ 0.6 ಬರಬೇಕು, ಅವನಿಗೆ 0.31. "ಕ್ಯೂ ಎಷ್ಟಿಟ್ಟಿದ್ದೀಯೋ?" ಅಂದೆ. "ಹದಿನಾರು" ಅಂದ. ಶನಿವಾರ ಬೇಲೂರು ಮೇಲೆ ಹೋಗುವ ಬಸ್ ಹತ್ತುತ್ತೇನೆ. ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟಿದ್ದೇನೆ.