ವೈದ್ಯಕೀಯ ಸಾಧನ ಕಂಪನಿಯಲ್ಲಿ ಬಿಲ್ ಪಾವತಿ: ನಾನು ಕಲಿತ ಬಗೆ

ವೈದ್ಯಕೀಯ ಸಾಧನಗಳನ್ನು ತಯಾರಿಸುವ ಕಂಪನಿಯೊಂದರ ಲೆಕ್ಕಪತ್ರ ವಿಭಾಗಕ್ಕೆ ಸೇರಿದಾಗ ಸರಬರಾಜುದಾರರ ಬಿಲ್ ಪಾವತಿಸುವ ಕೆಲಸ ನನಗೆ ಹೊಸದಾಗಿರಲಿಲ್ಲ. ಪರ್ಚೇಸ್ ಆರ್ಡರ್, ಸರಕು ಸ್ವೀಕೃತಿ ಪತ್ರ, ಇನ್‌ವಾಯ್ಸ್ ಈ ಮೂರನ್ನೂ ತಾಳೆ ನೋಡಿ, ದರವೂ ಪ್ರಮಾಣವೂ ಸರಿಹೊಂದಿದರೆ ಪಾವತಿಗೆ ಕಳುಹಿಸುವುದನ್ನು ಹಿಂದಿನ ಕೆಲಸದಲ್ಲೇ ರೂಢಿಸಿಕೊಂಡಿದ್ದೆ. ಇಲ್ಲಿ ಗುಣಮಟ್ಟ ವಿಭಾಗದ ತಪಾಸಣಾ ವರದಿ ಎಂಬ ನಾಲ್ಕನೆಯ ಕಾಗದವೊಂದು ಬೇಕೆಂಬುದು ಕ್ಯಾಥೆಟರ್ (ದೇಹದೊಳಗೆ ಸೇರಿಸುವ ನಳಿಕೆ) ಕೊಳವೆಗಳ, ಒಟ್ಟಿಗೆ ತಯಾರಾಗಿ ಬಂದ ಒಂದು ಲಾಟ್‌ನಿಂದ ತಿಳಿಯಿತು.

ಆ ಲಾಟ್‌ನಲ್ಲಿ 5,000 ಕೊಳವೆಗಳಿದ್ದವು. ಉಗ್ರಾಣದವರು ಎಣಿಸಿ ಸ್ವೀಕೃತಿ ಬರೆದಿದ್ದರು, ಇನ್‌ವಾಯ್ಸ್‌ನಲ್ಲಿಯೂ ಅಷ್ಟೇ ಸಂಖ್ಯೆಯಿತ್ತು, ನಾನು ಪೂರ್ತಿ ಮೊತ್ತವನ್ನು ಪಾವತಿಸಿದೆ. ಮೂರು ದಿನಗಳ ನಂತರ ಗುಣಮಟ್ಟ ವಿಭಾಗದ ವರದಿ ಬಂತು: ಮಾದರಿಗೆಂದು ತೆಗೆದ ಕೆಲವು ಕೊಳವೆಗಳಲ್ಲಿ ದೋಷ ಕಂಡದ್ದರಿಂದ ಎಲ್ಲವನ್ನೂ ಅಳೆದು ನೋಡಲಾಗಿದ್ದು, ಒಳವ್ಯಾಸ ಹೆಚ್ಚಿದ್ದ 400 ಕೊಳವೆಗಳನ್ನು ತಿರಸ್ಕರಿಸಲಾಗಿತ್ತು. ನಾನು ಹಣ ಕಳುಹಿಸಿದ ದಿನ ಆ ಪೆಟ್ಟಿಗೆಗಳು ಹಳದಿ ಚೀಟಿ ಅಂಟಿಸಿಕೊಂಡು, ಬೀಗ ಹಾಕಿದ ಪ್ರತ್ಯೇಕ ಕೋಣೆಯಲ್ಲಿ ತಪಾಸಣೆಗೆ ಕಾಯುತ್ತಿದ್ದವು. ಸರಬರಾಜುದಾರರಿಂದ ನಮಗೆ ಬರಬೇಕಾದ ಹಣವನ್ನು ತಿಳಿಸುವ ಡೆಬಿಟ್ ನೋಟ್ ಬರೆದು, ಹೆಚ್ಚುವರಿಯಾಗಿ ಕೊಟ್ಟ ಹಣವನ್ನು ಮುಂದಿನ ಬಿಲ್ಲುಗಳಲ್ಲಿ ಕಡಿತ ಮಾಡಿಕೊಳ್ಳಲು ಎರಡು ತಿಂಗಳು ಹಿಡಿಯಿತು.

ಸರಕು ಬರುವುದು ಬೇರೆ, ಅಂಗೀಕಾರವಾಗುವುದು ಬೇರೆ. ವೈದ್ಯಕೀಯ ಸಾಧನಗಳ ಗುಣಮಟ್ಟ ವ್ಯವಸ್ಥೆಗೆ ಸಂಬಂಧಿಸಿದ ಐಎಸ್‌ಒ 13485 ಮಾನದಂಡದ 7.4ನೆಯ ವಿಭಾಗವು ಸರಬರಾಜುದಾರರನ್ನು ಮೌಲ್ಯಮಾಪನ ಮಾಡಿ ಆಯ್ಕೆ ಮಾಡಬೇಕೆಂದೂ, ಕೊಂಡ ವಸ್ತುವನ್ನು ಪರಿಶೀಲಿಸಿ ದಾಖಲೆ ಇಡಬೇಕೆಂದೂ ಹೇಳುತ್ತದೆ. ಇದು ರೋಗಿಯ ದೇಹದೊಳಗೆ ಹೋಗುವ ವಸ್ತುವಿನ ಮಾತು. ಆದ್ದರಿಂದ ಸ್ವೀಕರಿಸಿದ ಪ್ರಮಾಣ ಮತ್ತು ಅಂಗೀಕರಿಸಿದ ಪ್ರಮಾಣ ಎಂಬ ಎರಡು ಕಾಲಂಗಳನ್ನು ಲಾಟ್ ಸಂಖ್ಯೆಯೊಂದಿಗೆ ಇಟ್ಟುಕೊಂಡು, ಎರಡನೆಯದಕ್ಕೆ ಮಾತ್ರ ಹಣ ಬಿಡುಗಡೆ ಮಾಡಲಾರಂಭಿಸಿದೆ.

ಅದರಲ್ಲಿಯೂ ಮೊದಮೊದಲು ಒಂದು ತಪ್ಪು ಮಾಡಿದೆ. ತಪಾಸಣೆ ಮುಗಿಯದ ಲಾಟ್‌ಗಳ ಇನ್‌ವಾಯ್ಸ್‌ಗಳನ್ನು ಪುಸ್ತಕಕ್ಕೆ ಏರಿಸದೆ ಫೈಲಿನಲ್ಲೇ ಇಟ್ಟದ್ದರಿಂದ ತಿಂಗಳ ಕೊನೆಯಲ್ಲಿ ನಮ್ಮ ಬಾಕಿ ಇರುವುದಕ್ಕಿಂತ ಕಡಿಮೆ ಕಂಡಿತು. ಈಗ ಬಿಲ್ ಬಂದ ದಿನವೇ ನಮೂದಿಸಿ, ಪಾವತಿಗೆ ಮಾತ್ರ ತಡೆ ಹಾಕುತ್ತೇನೆ. ಬಿಲ್ ಇನ್ನೂ ಬಾರದ ಸರಕಿಗೆ ತಿಂಗಳ ಕೊನೆಯಲ್ಲಿ ಅಂದಾಜು ಬಾಕಿಯನ್ನು ಬರೆದಿಡುತ್ತೇನೆ.

ತಡೆ ಹಾಕುವುದು ಸುಲಭ, ಅದನ್ನು ತೆಗೆಯುವ ಹೊಣೆಯೂ ನಮ್ಮದೇ. ಕರಾರಿನಲ್ಲಿ 30 ದಿನಗಳ ಅವಧಿ ಇನ್‌ವಾಯ್ಸ್ ದಿನಾಂಕದಿಂದ ಆರಂಭವಾಗುತ್ತದೆ ಎಂದಿದ್ದರೆ, ನಮ್ಮ ತಪಾಸಣೆ ತಡವಾದದ್ದಕ್ಕೆ ಸರಬರಾಜುದಾರರು ಕಾಯಬೇಕೆಂಬುದು ನ್ಯಾಯವಲ್ಲ. ಚಿಕ್ಕ ಘಟಕ ನಡೆಸುವವರಿಗೆ ಆ ಹಣದಿಂದಲೇ ಸಂಬಳ ಕೊಡಬೇಕಾಗಿರುತ್ತದೆ. ಅದಕ್ಕಾಗಿ ಪ್ರತಿ ಸೋಮವಾರ, ಪಾವತಿ ದಿನಾಂಕ ಹತ್ತಿರವಿರುವ ಲಾಟ್‌ಗಳ ಪಟ್ಟಿಯನ್ನು ಗುಣಮಟ್ಟ ವಿಭಾಗಕ್ಕೆ ಕೊಡುತ್ತೇನೆ. ಬೇಗ ಅಂಗೀಕರಿಸಿ ಎಂದು ಎಂದೂ ಕೇಳುವುದಿಲ್ಲ, ಯಾವುದನ್ನು ಮೊದಲು ನೋಡಬೇಕೆಂದಷ್ಟೇ ತಿಳಿಸುತ್ತೇನೆ. ತಡವಾದವುಗಳಲ್ಲಿ ಬಹುಪಾಲು ಅಳತೆಯ ದೋಷದಿಂದಲ್ಲ, ಸರಕು ನಾವು ಕೇಳಿದ ಗುಣಲಕ್ಷಣಗಳಿಗೆ ಹೊಂದುತ್ತದೆಂದು ಸರಬರಾಜುದಾರರು ಸರಕಿನ ಜೊತೆ ಕಳುಹಿಸಬೇಕಿದ್ದ ಅನುಸರಣಾ ಪ್ರಮಾಣಪತ್ರ ಬಾರದೆ ನಿಂತಿದ್ದವು ಎಂದು ಈ ಪಟ್ಟಿಯಿಂದಲೇ ಗೊತ್ತಾಯಿತು. ಆ ಪತ್ರವನ್ನು ಈಗ ಪರ್ಚೇಸ್ ಆರ್ಡರ್‌ನಲ್ಲಿಯೇ ಕೇಳುತ್ತೇವೆ.

ಹೊರಗಿನ ಗುತ್ತಿಗೆದಾರರಿಂದ ಮಾಡಿಸುವ ಎಥಿಲೀನ್ ಆಕ್ಸೈಡ್ ಅನಿಲದ ಕ್ರಿಮಿಶುದ್ಧೀಕರಣಕ್ಕೆ ಎಣಿಸಿಕೊಳ್ಳಲು ಹೊಸ ಸರಕೇನೂ ಇರುವುದಿಲ್ಲ, ನಾವು ಕಳುಹಿಸಿದ್ದೇ ಹಿಂತಿರುಗುತ್ತದೆ. ಅಂಥ ಬಿಲ್ಲುಗಳನ್ನು, ಯಾವ ಲಾಟ್ ಶುದ್ಧೀಕರಣದ ಯಾವ ಸುತ್ತಿನಲ್ಲಿ ಶುದ್ಧವಾಯಿತೆಂಬ ದಾಖಲೆಯೊಂದಿಗೆ ತಾಳೆ ನೋಡಿಯೇ ಪಾವತಿಗೆ ಕಳುಹಿಸುತ್ತೇನೆ.