ಒಂದೇ ಮರ, ಒಂದೇ ಪುಟ, ಎಂಟು ಅರೆಬರೆ ಹಕ್ಕಿಗಳು: ನನ್ನ ಅನುಭವ

ಜೀವಂತ ಹಕ್ಕಿಯನ್ನು ನೋಡುತ್ತಲೇ ಅದರ ಚಿತ್ರ ಬರೆಯುವುದು ಆಗದ ಕೆಲಸ, ಫೋಟೊ ತೆಗೆದು ಮನೆಯಲ್ಲಿ ಕುಳಿತು ಬರೆಯುವುದೇ ಸರಿಯಾದ ದಾರಿ ಎಂದು ನಮ್ಮ ಬಳಗದ ಹಿರಿಯರೊಬ್ಬರು ಮೂರು ವರ್ಷಗಳಿಂದ ನನಗೆ ಹೇಳುತ್ತಲೇ ಬಂದಿದ್ದರು. ಈ ಸಲ ವಸಂತ ಕಾಲಿಡುವ ಹೊತ್ತಿಗೆ ಹಿತ್ತಿಲಿನ ಒಂದೇ ನುಗ್ಗೆಮರದ ಎದುರು ಸುಮಾರು 45 ಬೆಳಗುಗಳನ್ನು ಕಳೆದು, ಕ್ಯಾಮೆರಾ ಮುಟ್ಟದೆ, ಹೆಚ್ಚುಕಡಿಮೆ 70 ಪುಟಗಳನ್ನು ತುಂಬಿಸಿದ್ದೇನೆ. ಆ ಪುಟಗಳನ್ನು ನೋಡಿದ ಮೇಲೆ ಅದೇ ಹಿರಿಯರು ಒಂದು ಹಾಳೆಯನ್ನು ಕೇಳಿ ತೆಗೆದುಕೊಂಡು ಹೋದರು. ಹಾಗಾಗಿ ಮಾಡಿದ್ದನ್ನು ಬರೆದಿಡುವ ಧೈರ್ಯ ಬಂದಿದೆ.

ಮೊದಲ ಎರಡು ವಸಂತಗಳು ಪೂರ್ತಿ ವ್ಯರ್ಥವಾದವು ಮತ್ತು ಹಣ ಹೋದದ್ದೂ ಆಗಲೇ. ದೊಡ್ಡದಾಗಿ ಕಂಡರೆ ಚೆನ್ನಾಗಿ ಬರೆಯಬಹುದೆಂದು ನಂಬಿ 10x50 ಬೈನಾಕ್ಯುಲರ್ (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಅಗಲದ ಮುಂಗಾಜಿನದು) ಕೊಂಡೆ. ಅದನ್ನು ಎಡಗೈಯೊಂದರಲ್ಲೇ ಎತ್ತಿ ಹಿಡಿದು ಬಲಗೈಯಲ್ಲಿ ಪೆನ್ಸಿಲ್ ಆಡಿಸಲು ಹೊರಟರೆ, ಅರ್ಧ ನಿಮಿಷದೊಳಗೆ ಕೈ ನಡುಗಿ ಹಕ್ಕಿಯ ಕಣ್ಣು ಎಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಆಮೇಲೆ ಟ್ರೈಪಾಡ್ ಮೇಲೆ ಕೂರಿಸುವ ದೂರದರ್ಶಕಕ್ಕೆ ಹಣ ಸುರಿದೆ. ಅದನ್ನು ತಿರುಗಿಸಿ, ಹುಡುಕಿ, ಫೋಕಸ್ ಮಾಡುವಷ್ಟರಲ್ಲಿ ಪಿಕಳಾರ ಎರಡು ಕೊಂಬೆ ಬದಲಿಸಿ ಬೇಲಿ ದಾಟಿರುತ್ತಿತ್ತು. ದೂರದ ಕೆರೆಯಲ್ಲಿ ನಿಂತ ಬಾತುಗಳಿಗೆ ಅದು ಒಳ್ಳೆಯ ಸಾಧನವೇ ಇರಬಹುದು, ಮನೆಯ ಹತ್ತಿರದ ಹಕ್ಕಿಗೆ ಖಂಡಿತ ಅಲ್ಲ. ಒಂದು ವರ್ಷದ ನಂತರ ಅದನ್ನು ಅರ್ಧ ಬೆಲೆಗೆ ಮಾರಿ, ಬಂದ ಹಣದಲ್ಲಿ ಹಗುರವಾದ 8x32 ಒಂದನ್ನು ಕೊಂಡೆ. ಮುಂಜಾನೆಯ ಮಬ್ಬು ಬೆಳಕಿನಲ್ಲಿ ಇದು ಹಳೆಯ 10x50ರಷ್ಟು ಪ್ರಕಾಶಮಾನವಲ್ಲ ಎಂಬುದು ನಿಜ, ಆದರೆ ಮೊಣಕೈಯನ್ನು ಮಂಡಿಗೆ ಊರಿ ಒಂದೇ ಕೈಯಲ್ಲಿ ಎರಡು ಮೂರು ನಿಮಿಷ ಹಿಡಿಯಬಹುದು, ನನಗೆ ಬೇಕಾಗಿದ್ದದ್ದು ಅಷ್ಟೇ.

ಕಾಗದದ ವಿಷಯದಲ್ಲಿ ಕಲಿತದ್ದು ಇದಕ್ಕಿಂತ ದೊಡ್ಡ ಪಾಠ. ಜಲವರ್ಣಕ್ಕೆಂದು ತಯಾರಾದ ದಪ್ಪ ಹಾಳೆಯ ದುಬಾರಿ ಪುಸ್ತಕ ನನ್ನ ಕೈಯನ್ನೇ ಕಟ್ಟಿಹಾಕಿತ್ತು. ಹಾಳೆ ಹಾಳಾದೀತು ಎಂಬ ಅಳುಕಿನಲ್ಲಿ ಒಂದು ಬೆಳಿಗ್ಗೆ ಇಡೀ ಎರಡು ಗೆರೆ ಮಾತ್ರ ಎಳೆದು ಎದ್ದು ಬಂದದ್ದುಂಟು. ಈಗ ಒಂದು ಬದಿ ಅಚ್ಚಾಗಿ ಬಿಸಾಡಬೇಕಿದ್ದ ಹಾಳೆಗಳನ್ನೇ ಕ್ಲಿಪ್ ಹಲಗೆಗೆ ಸಿಕ್ಕಿಸಿ, ಅವುಗಳ ಖಾಲಿ ಬದಿಯಲ್ಲಿ 2ಬಿ ಪೆನ್ಸಿಲ್‌ನಿಂದ ಬರೆಯುತ್ತೇನೆ. ರಬ್ಬರನ್ನು ಮನೆಯೊಳಗೇ ಬಿಟ್ಟು ಹೋಗುತ್ತೇನೆ.

ಕೊನೆಗೆ ಫಲ ಕೊಟ್ಟ ಕ್ರಮ ಹೀಗಿದೆ. ನುಗ್ಗೆ ಎಲೆ ಉದುರಿಸಿ ಇನ್ನೂ ಚಿಗುರದ ಆ ಕೆಲವೇ ವಾರಗಳಲ್ಲಿ ಮರದ ಒಳಗೆಲ್ಲ ಕಣ್ಣಿಗೆ ಕಾಣುತ್ತದೆ. ಹಿಂದಿನ ಸಂಜೆಯೇ, ಹಕ್ಕಿ ಇಲ್ಲದಿರುವಾಗ, ಅದು ಬಂದು ಕೂರುವ ಕೊಂಬೆಗಳನ್ನು ಗಂಟು, ಕವಲು, ಮುರಿದ ತುದಿಗಳ ಸಮೇತ ನಿಧಾನವಾಗಿ ಬರೆದಿಟ್ಟುಕೊಳ್ಳುತ್ತೇನೆ. ಮರ ಓಡಿಹೋಗುವುದಿಲ್ಲವಷ್ಟೆ. ಬೆಳಿಗ್ಗೆ ಹಕ್ಕಿ ಬಂದು ಕುಳಿತಾಗ ಅದರ ಉದ್ದ ಎಷ್ಟು, ಬಾಲ ಯಾವ ಗಂಟಿನವರೆಗೆ ಇಳಿದಿದೆ ಎಂಬುದನ್ನು ಕೊಂಬೆಯೇ ಅಳೆದು ಕೊಡುತ್ತದೆ. ಮೊದಲು ಬೆನ್ನಿನ ಓರೆ, ನಂತರ ತಲೆಯ ಗುಂಡು, ಬಾಲದ ಗೆರೆ, ಕಾಲು ಕೊಂಬೆಯನ್ನು ಹಿಡಿದ ಜಾಗ. ಐದಾರು ಸೆಕೆಂಡಿಗೆ ಇಷ್ಟು ಸಾಕು. ಹಕ್ಕಿ ತಿರುಗಿತೆಂದರೆ ಆ ಚಿತ್ರವನ್ನು ಅರ್ಧಕ್ಕೇ ಬಿಟ್ಟು ಪಕ್ಕದಲ್ಲಿ ಹೊಸ ಭಂಗಿಯನ್ನು ಆರಂಭಿಸಬೇಕು. ಹೀಗೆ ಒಂದು ಪುಟದಲ್ಲಿ ಏಳೆಂಟು ಅರೆಬರೆ ಹಕ್ಕಿಗಳಾಗುತ್ತವೆ. ಹಕ್ಕಿಯೊಂದು ಕೂರುವ ಭಂಗಿಗಳು ನಾವು ಎಣಿಸಿದಷ್ಟು ಇಲ್ಲ. ಕೆಲವು ನಿಮಿಷಗಳಲ್ಲಿ ಅದು ಮತ್ತೆ ಮೊದಲಿನ ಭಂಗಿಗೇ ಮರಳುತ್ತದೆ, ಆಗ ಆ ಹಳೆಯ ಗೆರೆಗೆ ಕೊಕ್ಕು, ರೆಕ್ಕೆಯ ಮಡಿಕೆ, ಕಣ್ಣುಗಳನ್ನು ಸೇರಿಸುತ್ತೇನೆ. ಮಡಿವಾಳ ಹಕ್ಕಿ ಬಾಲ ನೆಟ್ಟಗೆ ಎತ್ತುವ ಭಂಗಿಯನ್ನು ಒಂದೇ ಬೆಳಿಗ್ಗೆ ಹನ್ನೊಂದು ಸಲವೋ ಹನ್ನೆರಡು ಸಲವೋ ಪುನರಾವರ್ತಿಸಿತು, ಆ ಚಿತ್ರ ಒಂದೊಂದೇ ಗರಿ ಸೇರಿ ಪೂರ್ಣಗೊಂಡಿತು. ಅದು ಯಾವ ಕೊಂಬೆಗೆ ಬರುತ್ತದೆಂದು ನಾನು ಮುಂಚಿತವಾಗಿ ಊಹಿಸುವ ಬಗೆಯನ್ನು ಮಾತ್ರ ಇಲ್ಲಿ ಹೇಳಲಾರೆ. ಅದಕ್ಕೆ ಎರಡು ವರ್ಷ ತೆತ್ತಿದ್ದೇನೆ.

ಈ ಕ್ರಮದ ನಿಜವಾದ ಬಲ ತಿಳಿದದ್ದು ಕುಟ್ರ ಹಕ್ಕಿಗಳಲ್ಲೊಂದಾದ ಕಂಚುಕುಟಿಗನಿಂದ. ಅದರ ಟುಕ್ ಟುಕ್ ಸದ್ದು ಒಮ್ಮೆ ನುಗ್ಗೆಯಿಂದ, ಒಮ್ಮೆ ಆಚೆಯ ಮರದಿಂದ ಬಂದಂತೆ ಕೇಳುತ್ತಿದ್ದುದರಿಂದ, ಎರಡು ಹಕ್ಕಿಗಳಿವೆ ಎಂದು ನಾಲ್ಕು ದಿನ ಬರೆದುಕೊಂಡಿದ್ದೆ. ಪುಟದಲ್ಲಿದ್ದ ಆರು ತಲೆಗಳನ್ನು ಸಾಲಾಗಿ ನೋಡಿದಾಗ ವಿಷಯ ಹೊಳೆಯಿತು. ಹಕ್ಕಿ ಒಂದೇ, ಕೂಗುವಾಗ ತಲೆಯನ್ನು ಅತ್ತಿತ್ತ ಹೊರಳಿಸುತ್ತಿದ್ದುದರಿಂದ ಸದ್ದು ಜಾಗ ಬದಲಿಸಿದಂತೆ ಕೇಳುತ್ತಿತ್ತು. ಇನ್ನೂ ಹತ್ತಿರದಿಂದ ನೋಡಿದರೆ, ಕೂಗುವಾಗ ಅದು ಕೊಕ್ಕನ್ನು ತೆರೆಯುವುದೇ ಇಲ್ಲ. ಪ್ರತಿ ಟುಕ್‌ಗೂ ತಲೆ ಒಂದಿಷ್ಟು ಬಾಗುತ್ತದೆ, ಗಂಟಲಿನ ಎರಡೂ ಬದಿಯ ಬರಿಚರ್ಮ ಉಬ್ಬಿ ಕುಗ್ಗುತ್ತದೆ. ಕೊಕ್ಕು ತೆರೆದು ಬರೆದಿದ್ದ ನನ್ನ ಹಿಂದಿನ ವರ್ಷದ ಚಿತ್ರಗಳೆಲ್ಲ ತಪ್ಪಾಗಿದ್ದವು. ಹಕ್ಕಿ ಎಂದರೆ ಬಾಯ್ತೆರೆದೇ ಕೂಗುತ್ತದೆ ಎಂಬ ನಂಬಿಕೆಯಿಂದ ಅವನ್ನು ಬರೆದಿದ್ದೆ, ನೋಡಿ ಬರೆದಿರಲಿಲ್ಲ. ಕಾಲಿನ ಬೆರಳುಗಳೂ ಹಾಗೆಯೇ ಕೈಕೊಟ್ಟಿದ್ದವು. ಪಿಕಳಾರದಂತೆ ಮೂರು ಮುಂದೆ, ಒಂದು ಹಿಂದೆ ಎಂದು ಬರೆಯುತ್ತಿದ್ದೆ. ಕುಟ್ರ ಹಕ್ಕಿಗಳಿಗೆ ಎರಡು ಮುಂದೆ, ಎರಡು ಹಿಂದೆ.

ಸುಮಾರು ಇಪ್ಪತ್ತನೆಯ ದಿನದಿಂದ ಕಂಚುಕುಟಿಗ ಒಣಗಿದ ಕೊಂಬೆಯೊಂದರ ಕೆಳಮೈಯಲ್ಲಿ ಗೂಡಿನ ರಂಧ್ರ ಕೊರೆಯತೊಡಗಿತು. ಗಂಡೂ ಹೆಣ್ಣೂ ಸರದಿಯಲ್ಲಿ ದುಡಿದವು. ಅವೆರಡೂ ಒಂದೇ ಬಣ್ಣದವಾದ್ದರಿಂದ ಯಾವುದು ಗಂಡು ಎಂದು ಪುಟದಲ್ಲಿ ಗುರುತು ಹಾಕಲಾಗಲಿಲ್ಲ. ಆ ದಿನದಿಂದ ನನ್ನ ಕುರ್ಚಿಯನ್ನು ಹತ್ತು ಹೆಜ್ಜೆ ಹಿಂದಕ್ಕೆ ಸರಿಸಿದೆ. ಚಿತ್ರ ಚಿಕ್ಕದಾಯಿತು, ಆಗಲಿ. ಗೂಡಿನ ಬಳಿ ನಮ್ಮ ಆಸೆಗಿಂತ ಅವುಗಳ ನೆಮ್ಮದಿ ದೊಡ್ಡದು ಎಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ.

ನಡುವೆ ಕೆಲವು ಅಡ್ಡ ಪ್ರಯೋಗಗಳೂ ನಡೆದವು. ಹಸಿರು ಬಟ್ಟೆಯ ಮರೆ ಕಟ್ಟಿ ಕುಳಿತೆ, ಬಟ್ಟೆ ಗಾಳಿಗೆ ಪಟಪಟನೆ ಬಡಿದು ಎರಡು ದಿನ ಒಂದು ಹಕ್ಕಿಯೂ ಬರಲಿಲ್ಲ. ಅದನ್ನು ಬಿಚ್ಚಿ, ಪ್ರತಿದಿನ ಒಂದೇ ಹೊತ್ತಿಗೆ, ಒಂದೇ ಅಂಗಿಯಲ್ಲಿ, ಒಂದೇ ಜಾಗದಲ್ಲಿ ಕುಳಿತದ್ದು ಹೆಚ್ಚು ಫಲ ಕೊಟ್ಟಿತು. ನೀರಿನ ಮಣ್ಣಿನ ತಟ್ಟೆಯನ್ನು ಆಳವಾಗಿ ತುಂಬಿಸಿದಾಗ ಕಾಗೆ ಮಾತ್ರ ಬಂತು, ಒಳಗೆ ಚಪ್ಪಟೆ ಕಲ್ಲಿಟ್ಟು ನೀರನ್ನು ಒಂದು ಬೆರಳಷ್ಟಕ್ಕೆ ಇಳಿಸಿದ ಮೇಲೆ ಪಿಕಳಾರಗಳು ಸ್ನಾನಕ್ಕಿಳಿದವು. ಹತ್ತು ಸೆಕೆಂಡು ನೋಡಿ, ಕಣ್ಣು ಮುಚ್ಚಿ, ನೆನಪಿನಿಂದ ಬರೆಯುವ ಅಭ್ಯಾಸವನ್ನು ವಾರಕ್ಕೆ ಎರಡು ದಿನ ಮಾಡಿದೆ. ಆರಂಭದಲ್ಲಿ ಹತ್ತರಲ್ಲಿ ಎರಡು ಹೊಂದುತ್ತಿದ್ದವು, ಕೊನೆಕೊನೆಗೆ ಆರೇಳು. ನಮ್ಮ ಬಳಗದಲ್ಲಿ ಇಷ್ಟು ಬೇರೆ ಯಾರಿಗೂ ಬಂದದ್ದನ್ನು ನಾನು ಕಂಡಿಲ್ಲ.

ಗೀಚಿದ ಸುಮಾರು 600 ಆಕೃತಿಗಳಲ್ಲಿ ಜೋಪಾನವಾಗಿ ಎತ್ತಿಟ್ಟುಕೊಂಡಿರುವುದು ಇಪ್ಪತ್ತೈದರ ಆಸುಪಾಸು. ನಲವತ್ತನೆಯ ದಿನದ ಹೊತ್ತಿಗೆ ನುಗ್ಗೆ ದಟ್ಟವಾಗಿ ಚಿಗುರಿ, ಕುಳಿತ ಹಕ್ಕಿಯ ಬಾಲದ ತುದಿ ಮಾತ್ರ ಕಾಣತೊಡಗಿತು. ಕೊನೆಯ ಪುಟದಲ್ಲಿರುವುದು ಒಣಕೊಂಬೆಯ ಕೆಳಮೈ, ಅದರಲ್ಲೊಂದು ದುಂಡು ರಂಧ್ರ, ಅದರಿಂದ ಇಣುಕಿದ ಕೆಂಪು ಹಣೆ ಮತ್ತು ಮುಚ್ಚಿದ ಕೊಕ್ಕು.